ಕಲ್ಯಾಣಕ್ಕೆ ಹೋಗಿ ಬಂದ ಹಾಯಿ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾನ್ವಾಸ್ ಚೀಲ ನೇತಾಡುತ್ತಿದೆ. ಡೊಂಬಿವಲಿಯ ಮೂರು ಬಾಡಿಗೆ ಮನೆಗಳನ್ನೂ ಒಂದು ಸ್ವಂತ ಫ್ಲ್ಯಾಟನ್ನೂ ಕಂಡ ಚೀಲ ಅದು. ಈ ಅವಧಿಯಲ್ಲಿ ಫ್ರಿಜ್ಜು ಎರಡು ಸಲ ಬದಲಾಗಿದೆ, ಮಿಕ್ಸರು ನಾಲ್ಕು ಸಲ, ನನ್ನ ಹಲ್ಲುಗಳು ಒಂದೇ ಸಲ, ಆದರೆ ಎಲ್ಲವೂ ಒಟ್ಟಿಗೆ. ಚೀಲದ ಒಂದು ಹೊಲಿಗೆಯೂ ಬಿಟ್ಟಿಲ್ಲ. ಅದನ್ನು ಹೊಲಿದವರು ಈ ಆಷಾಢದಲ್ಲಿ ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚೀಲ ಕೊಟ್ಟ ದಿನ ನಾನು, ಒಂದು ಮೂಲೆಯಲ್ಲಿ ನಿಮ್ಮ ಹೆಸರು ಹಾಕಿದ್ದರೆ ಶೋಭೆ ಇರುತ್ತಿತ್ತು ಎಂದಿದ್ದೆ. "ಹಾಯಿ ಹೊಲಿಯುವವರು ಹೆಸರು ಹಾಕುವುದಿಲ್ಲ ಮಾರಾಯ್ರೆ," ಎಂದರು. "ಹರಿದರೆ ಹೇಗೂ ಎಲ್ಲರಿಗೂ ಗೊತ್ತಾಗ್ತದೆ, ಯಾರು ಹೊಲಿದದ್ದು ಅಂತ."

ಅವರು ಮಲ್ಪೆ ಕಡೆಯವರು. ಹದಿನೇಳನೆಯ ವಯಸ್ಸಿನಲ್ಲಿ, ಹೆಂಚು ತುಂಬಿದ ಮಂಜಿಯಲ್ಲಿ ಹಾಯಿಯ ಹರಕು ಹೊಲಿಯುವ ಕೆಲಸಕ್ಕೆಂದು ಹತ್ತಿ ಮುಂಬೈ ಬಂದರಿಗೆ ಬಂದವರು. ಮಂಜಿ ಎಂದರೆ ನಮ್ಮ ಕರಾವಳಿಯಿಂದ ಸರಕು ಹೊತ್ತು ಬರುತ್ತಿದ್ದ ದೊಡ್ಡ ಹಾಯಿ ಹಡಗು. ಬಂದ ವಾರವೇ ಜ್ವರ ಹಿಡಿದು ಆಸ್ಪತ್ರೆ ಸೇರಿದರು. ಜ್ವರ ಬಿಡುವಷ್ಟರಲ್ಲಿ ಮಂಜಿ ಊರಿಗೆ ಹೋಗಿತ್ತು. ಮುಂದಿನ ಸಲ ಬಂದಾಗ ಅದಕ್ಕೆ ಇಂಜಿನ್ನು ಕೂರಿಸಿದ್ದರು. ಹಾಯಿ ಹೊಲಿಯುವವನಿಗೆ ಅದರಲ್ಲಿ ಕೆಲಸವಿರಲಿಲ್ಲ. ಹೀಗೆ ಅವರು ಮಸ್ಜಿದ್ ಸ್ಟೇಷನ್ನಿನ ಬಳಿ ಲಾರಿಗಳ ತಾಡಪತ್ರಿ ಹೊಲಿಯುವ ಅಂಗಡಿಯೊಂದನ್ನು ಸೇರಿ, ನಲವತ್ತು ವರ್ಷ ಅಲ್ಲೇ ಸೂಜಿ ಎಳೆದರು.

ಇನ್ನು ನನ್ನ ಯೋಗ್ಯತೆಯನ್ನು ಹೇಳಬೇಕು. ನಾನು ಗದಗಿನವನು. ನಮ್ಮೂರಿನಲ್ಲಿ ನೀರು ಎಂದರೆ ಕೊಡದಲ್ಲಿ ಬರುವ ವಸ್ತು. ವಿಧಿವಿಲಾಸದಿಂದ ಒಂದು ವಿಮಾ ಕಂಪನಿಯ ಮರೀನ್ ಡಿಪಾರ್ಟ್‌ಮೆಂಟಿನಲ್ಲಿ, ಅಂದರೆ ಸಾಗರ ವಿಭಾಗದಲ್ಲಿ, ಮೂವತ್ತೊಂದು ವರ್ಷ ಕುಳಿತೆ. ಮುಳುಗಿದ ಹಡಗು, ನೆಂದ ಸಕ್ಕರೆ, ತುಕ್ಕು ಹಿಡಿದ ಮೊಳೆ, ಎಲ್ಲವೂ ನನ್ನ ಸಹಿಯಾಗದೆ ಮುಳುಗಿದಂತೆಯೂ ನೆಂದಂತೆಯೂ ಆಗುತ್ತಿರಲಿಲ್ಲ. ಈ ಮೂವತ್ತೊಂದು ವರ್ಷದಲ್ಲಿ ನಾನು ಒಂದೇ ಒಂದು ಸಲ ದೋಣಿ ಹತ್ತಿದ್ದೆ. ಹತ್ತಿದ ಮೇಲೆ ನಡೆದದ್ದನ್ನು ನನ್ನ ಹೆಂಡತಿ ಈಗಲೂ ನೆಂಟರಿಗೆ ಹೇಳುವುದರಿಂದ ಇಲ್ಲಿ ಪುನರುಕ್ತಿ ಬೇಡ. ಆದರೂ ಸಮುದ್ರದ ವಿಷಯ ಬಂದರೆ ಕೊನೆಯ ಮಾತು ನನ್ನದೇ ಎಂಬ ನಂಬಿಕೆ ನನಗಿತ್ತು.

ನಾವಿಬ್ಬರೂ ಒಂದೇ ಲೋಕಲ್ಲಿನ ಒಂದೇ ಡಬ್ಬಿಯವರು. ಡೊಂಬಿವಲಿಯ ಒಂದು ಪದ್ಧತಿಯನ್ನು ಅರಿಯದವರಿಗೆ ತಿಳಿಸಬೇಕು. ಮುಂಬೈಗೆ ಹೋಗುವ ಗಾಡಿ ಕಲ್ಯಾಣದಲ್ಲೇ ತುಂಬಿಬಿಡುತ್ತದೆ. ಡೊಂಬಿವಲಿಯಲ್ಲಿ ಹತ್ತಿದವನಿಗೆ ಸೀಟು ಹಾಗಿರಲಿ, ಎರಡನೆಯ ಕಾಲಿಗೂ ಜಾಗವಿಲ್ಲ. ಆದ್ದರಿಂದ ನಾವು ಮುಂಬೈಗೆ ಬೆನ್ನು ಮಾಡಿ ಕಲ್ಯಾಣದ ಕಡೆಗೆ ಹೋಗುವ ಗಾಡಿ ಹತ್ತುತ್ತಿದ್ದೆವು. ಕಲ್ಯಾಣದಲ್ಲಿ ಇಳಿಯದೆ ಕೂತೇ ಇರುತ್ತಿದ್ದೆವು. ಅದೇ ಗಾಡಿ ತಿರುಗಿ ಮುಂಬೈಗೆ ಹೊರಡುತ್ತಿತ್ತು. ಹಿಂದಕ್ಕೆ ಹೋದವನೇ ಕೂತು ಮುಂದಕ್ಕೆ ಹೋಗುತ್ತಾನೆ ಎಂಬ ಈ ತತ್ತ್ವವನ್ನು ನಾವು ಇಪ್ಪತ್ತೈದು ವರ್ಷ ನಿಷ್ಠೆಯಿಂದ ಪಾಲಿಸಿದೆವು.

ಹೀಗೆ ಸೀಟು ಹಿಡಿದರೂ ಅವರು ಅದರಲ್ಲಿ ಕೂರುತ್ತಿರಲಿಲ್ಲ. ಯಾರಾದರೂ ಬಸವಳಿದವರನ್ನು ಕಂಡರೆ ಕರೆದು ಅಲ್ಲಿ ಕೂರಿಸಿ, ತಾವು ಬೆಂಚಿನ ತುದಿಯ ನಾಲ್ಕನೆಯ ಸೀಟಿಗೆ ಬರುತ್ತಿದ್ದರು. ಅದು ಸೀಟಲ್ಲ, ಸೀಟಿನ ವದಂತಿ. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಅರ್ಧ ದೇಹವನ್ನು ಮಾತ್ರ ಇಡಬಹುದು. ಅವರು ಬಾಗಿಲಿನ ಕಡೆ ಓರೆಯಾಗಿ ತಿರುಗಿ, ಕೆನ್ನೆಯನ್ನು ಗಾಳಿಗೊಡ್ಡಿ ಕೂರುತ್ತಿದ್ದರು. ಆಫೀಸಿನಲ್ಲಿ ಮೇಲಧಿಕಾರಿಯ ಕಾಟ, ಮನೆಯಲ್ಲಿ ಅತ್ತೆಸೊಸೆಯರ ಜಗಳ, ಸೊಸೈಟಿಯ ನೀರಿನ ರಗಳೆ, ಯಾರು ಏನು ತೋಡಿಕೊಂಡರೂ ಅವರು ಕೊಡುತ್ತಿದ್ದ ಸಲಹೆ ಒಂದೇ: "ಗಾಳಿ ಎಲ್ಲಿಂದ ಉಂಟು ಅಂತ ಮೊದಲು ನೋಡಿ."

ಬಟ್ಟೆ ಕಂಡರೆ ಮುಟ್ಟುವುದು ಅವರ ಇನ್ನೊಂದು ಅಭ್ಯಾಸ. ಕೊಡೆ, ಪರದೆ, ಮದುವೆಯ ಶಾಮಿಯಾನ, ಎಲ್ಲವನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ತೀರ್ಪು ಕೊಡುತ್ತಿದ್ದರು. ನನ್ನ ಮಗಳ ಮದುವೆಯಲ್ಲಿ ಬೀಗರು ಹೊದಿಸಿದ ಶಾಲನ್ನು, ಅದು ನನ್ನ ಹೆಗಲ ಮೇಲಿದ್ದಾಗಲೇ ಉಜ್ಜಿ ನೋಡಿ, "ಎರಡು ಮಳೆಗೆ ಸಾಕು" ಎಂದಿದ್ದರು. ಆ ಶಾಲು ಒಂದೇ ಮಳೆಗೆ ಸಾಕಾಯಿತು.

ಈಗ ಪ್ರಕರಣಕ್ಕೆ ಬರುತ್ತೇನೆ.

ಒಂದು ದಿನ ಠಾಣೆಯ ಹಿನ್ನೀರಿನ ಖಾಡಿಯ ಸೇತುವೆಯ ಮೇಲೆ ಗಾಡಿ ನಿಂತಿತ್ತು. ಮರಳಿನ ದೋಣಿಯೊಂದು ಹರಕು ಹಾಯಿ ಏರಿಸಿಕೊಂಡು ಹೋಗುತ್ತಿತ್ತು. ನಮ್ಮ ಡಬ್ಬಿಯ ವಿಜಾಪುರದ ಗೌಡರು, ಅಂದರೆ ಬಂದರಿನ ಧಕ್ಕೆಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವರು, "ಗಾಳಿ ಬೆನ್ನಿಗಿದ್ರ ಅದು ಓಡೇ ಓಡ್ತಿತ್ತು ನೋಡ್ರಿ" ಎಂದರು.

"ಇಲ್ಲ ಗೌಡ್ರೆ," ಎಂದರು ನಾಲ್ಕನೆಯ ಸೀಟಿನವರು. "ಬೆನ್ನಿಗೆ ಬರುವ ಗಾಳಿ ಸೋಮಾರಿ. ಬದಿಗೆ ಬರುವ ಗಾಳಿಯೇ ಓಡಿಸುವುದು. ಎದುರು ಗಾಳಿಗೂ ಹೋಗ್ಲಿಕ್ಕಾಗ್ತದೆ, ಅಡ್ಡ ಅಡ್ಡ ಹಿಡಿದುಕೊಂಡು."

ಡಬ್ಬಿಯವರೆಲ್ಲ ನನ್ನತ್ತ ನೋಡಿದರು. ಮರೀನ್ ಡಿಪಾರ್ಟ್‌ಮೆಂಟು ಸುಮ್ಮನಿರುವಂತಿರಲಿಲ್ಲ. ಬ್ಯಾಗಿನಿಂದ ಒಂದು ಹಳೆಯ ಕ್ಲೇಮ್ ಫಾರಂ ತೆಗೆದು, ಅದರ ಬೆನ್ನ ಮೇಲೆ ದೋಣಿ ಬರೆದೆ, ಬಾಣಗಳನ್ನು ಬರೆದೆ. ಬಿ.ಎಸ್ಸಿ.ಯ ಭೌತಶಾಸ್ತ್ರದಲ್ಲಿ ಎರಡನೆಯ ಪ್ರಯತ್ನಕ್ಕೆ ಉತ್ತೀರ್ಣನಾದವನ ಆತ್ಮವಿಶ್ವಾಸ ಎಂಥದೆಂದು ಮೊದಲನೆಯ ಪ್ರಯತ್ನದವರಿಗೆ ಗೊತ್ತಿರುವುದಿಲ್ಲ. ಠಾಣೆಯಿಂದ ಘಾಟ್ಕೋಪರಿನವರೆಗೆ ವಾದ ಮಂಡಿಸಿದೆ.

"ಬದಿಯಿಂದ ನೂಕಿದ ವಸ್ತು ಬದಿಗೇ ಹೋಗ್ತದ. ಇದು ನಿಯಮ," ಎಂದೆ. "ಈಗ ಮುಲುಂಡಿಗೆ ಇಳಿಯೋರು ದಿನಾ ನಿಮ್ಮನ್ನ ಬದಿಯಿಂದ ನೂಕ್ತಾರ. ಒಂದು ದಿನಾರೆ ನೀವು ಆ ನೂಕಿಗೆ ಮುಂದ ಹೋಗಿ ದಾದರಿಗೆ ಇಳಿದೀರೇನು?"

ಡಬ್ಬಿ ಗೊಳ್ಳೆಂದಿತು. ಅವರು ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದರ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿ, "ಕಾಗದ ಒಳ್ಳೆದುಂಟು" ಎಂದು ಹಿಂದಕ್ಕೆ ಕೊಟ್ಟರು.

ಅಂದಿನಿಂದ ನಾನು ಅವರನ್ನು ಕ್ಯಾಪ್ಟನ್ ಎಂದು ಕರೆಯತೊಡಗಿದೆ. ಡಬ್ಬಿಯವರೂ ಹಾಗೇ ಕರೆದರು. ಮರುದಿನ ನನಗೆ ಜ್ವರ ಬಂದು ಎರಡು ದಿನ ರಜೆ ಹಾಕಿದೆ. ಮೂರನೆಯ ದಿನ ಹೋದರೆ ಬೆಂಚಿನ ಕೆಳಗೆಲ್ಲ ಸೀತಾಫಲದ ಬೀಜಗಳು ಚೆಲ್ಲಾಡಿದ್ದವು. ಸಾರ್ವಜನಿಕ ಸ್ವಚ್ಛತೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಎಲ್ಲರೂ ನನ್ನನ್ನು ನೋಡಿ ನಕ್ಕರು. ಆ ನಗು ಒಂದು ವಾರ ಇತ್ತು. ನಾನು ಅದನ್ನು ಮೆಚ್ಚುಗೆ ಎಂದು ಸ್ವೀಕರಿಸಿದೆ. ಆಮೇಲೆ ಅವರು ನನ್ನೆದುರು ಸಮುದ್ರದ ಮಾತೆತ್ತಿದ್ದು ಕಡಿಮೆ.

ನಾವೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾದೆವು. ಹೋದ ಚಳಿಗಾಲದಲ್ಲಿ ಬಂದರಿನಲ್ಲಿ ಹಾಯಿ ದೋಣಿಗಳ ವೇಗದ ಪಂದ್ಯ ನಡೆಯುತ್ತದೆಂದು ಸುದ್ದಿ ಬಂತು. ನವಿ ಮುಂಬೈ ಕಡೆಯ ದಡದಲ್ಲಿ, ಸೀವುಡ್ಸ್‌ನಿಂದ ಸ್ವಲ್ಪ ದೂರದ ಜೆಟ್ಟಿಯ ಬಳಿ, ನೋಡುವವರಿಗೆ ಗ್ಯಾಲರಿ ಕಟ್ಟಿದ್ದರು. ಸೀವುಡ್ಸ್‌ನಲ್ಲೇ ಇರುವ ಅವರ ಮಗಳು ತಂದೆಗಾಗಿ ಎರಡು ಪಾಸು ತಂದಿದ್ದಳು. ಅವರು ಎರಡನೆಯದನ್ನು ನನಗೆ ತಂದುಕೊಟ್ಟರು.

"ಮರೀನ್‌ನವರು ಜೊತೆಗಿದ್ದರೆ ನನಗೂ ಅರ್ಥ ಆಗ್ತದೆ" ಎಂದರು. ಮುಖದಲ್ಲಿ ನಗುವಿನ ಗೆರೆ ಕೂಡ ಇರಲಿಲ್ಲ.

ಕಾರ್ಯಕ್ರಮದ ಸಂಪೂರ್ಣ ವ್ಯವಸ್ಥೆಯನ್ನು ನಾನು ವಹಿಸಿಕೊಂಡೆ. ಇಡೀ ದಿನದ ಪಂದ್ಯವೆಂದು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಉಪ್ಪಿನಕಾಯಿಯ ಬಾಟಲಿ, ಕೂರಲು ಚಾಪೆ, ಬಿಸಿಲಿಗೆ ಕೊಡೆ, ಎಲ್ಲ ಆ ಕ್ಯಾನ್ವಾಸ್ ಚೀಲಕ್ಕೆ ತುಂಬಿದೆ. ಮೊಮ್ಮಗಳು ಫೋನಿನಲ್ಲಿ ಏನೋ ನೋಡಿ, "ಅಜ್ಜಾ, ಏಕ್ ರೇಸ್ ಸಿರ್ಫ್ ಪಂದ್ರಾ ಮಿನಿಟ್ ಕಾ ಹೋತಾ ಹೈ" ಎಂದಳು. ಒಂದು ರೇಸು ಹದಿನೈದೇ ನಿಮಿಷವಂತೆ! ಸಮುದ್ರದ ಬಗ್ಗೆ ಮಕ್ಕಳಿಂದ ಕಲಿಯುವ ಅಗತ್ಯ ನನಗಿರಲಿಲ್ಲ.

ಅದು ಭಾನುವಾರ. ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಪನ್ವೇಲಿನ ಗಾಡಿ ಹಿಡಿದರೆ ಸೀವುಡ್ಸ್. ಸರಳ ದಾರಿ. ಆದರೆ ಸ್ಟೇಷನ್ನಿಗೆ ಬಂದೊಡನೆ ನಮ್ಮ ನಾಲ್ಕು ಕಾಲುಗಳು ತಾವಾಗಿಯೇ ಕಲ್ಯಾಣದ ಕಡೆಯ ಪ್ಲ್ಯಾಟ್‌ಫಾರ್ಮಿಗೆ ನಡೆದವು. ಭಾನುವಾರದ ಡಬ್ಬಿಯಲ್ಲಿ ಏಳೇ ಜನ ಇದ್ದರು, ಒಬ್ಬ ಉದ್ದಕ್ಕೆ ಮಲಗಿದ್ದ. ಆ ಖಾಲಿ ಡಬ್ಬಿಯಲ್ಲಿ ನಾವು ಸೀಟು ಹಿಡಿಯುವುದಕ್ಕಾಗಿ ಕಲ್ಯಾಣಕ್ಕೆ ಹೋಗಿ, ಗೆದ್ದವರಂತೆ ಕೂತು ವಾಪಸು ಬಂದೆವು. ಬರುವಾಗ ಹಳಿ ರಿಪೇರಿಯ ಮೆಗಾ ಬ್ಲಾಕ್ ಎಂದು ಮುಂಬ್ರಾದ ಹತ್ತಿರ ಮುಕ್ಕಾಲು ಗಂಟೆ ನಿಲ್ಲಿಸಿದರು. ಅಲ್ಲಿ ಕೂಡ ಅವರು ನಾಲ್ಕನೆಯ ಸೀಟಿನಲ್ಲೇ ಇದ್ದರು. ಮೊದಲ ಮೂರು ಖಾಲಿ ಇದ್ದವು.

ಗ್ಯಾಲರಿ ಮುಟ್ಟಿದಾಗ ಎರಡು ರೇಸು ಮುಗಿದಿದ್ದವು. "ಅಂಕಲ್, ಅಬ್ ಲಾಸ್ಟ್‌ವಾಲಾ ಹೈ," ಎಂದಳು ಬಾಗಿಲಲ್ಲಿದ್ದ ಹುಡುಗಿ, ನಮ್ಮ ಚಾಪೆಯನ್ನು ಅನುಕಂಪದಿಂದ ನೋಡುತ್ತ.

ನೀರಿನ ಮೇಲೆ ಆರು ದೋಣಿಗಳು ಅತ್ತಿತ್ತ ಸುತ್ತುತ್ತಿದ್ದವು. ಒಂದೊಂದಕ್ಕೂ ಎರಡು ಸಪೂರ ಒಡಲು, ನಡುವೆ ಏಳೆಂಟು ಮಹಡಿ ಎತ್ತರದ ಹಾಯಿ. ಒಂದು ಬಲಕ್ಕೆ ಹೋಗಿ ಎಡಕ್ಕೆ ಬರುತ್ತಿತ್ತು, ಇನ್ನೊಂದು ಅದರ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಪಂದ್ಯ ಶುರುವಾಗಿದೆಯೆಂದು ತಿಳಿದು ನಾನು ಒಮ್ಮೆ ಚಪ್ಪಾಳೆಯನ್ನೂ ತಟ್ಟಿದೆ. "ಶಿಸ್ತಿಲ್ಲ," ಎಂದೆ ಆಮೇಲೆ. "ಗುರಿ ಯಾವ ಕಡೆ ಅಂತನ ಗೊತ್ತಿಲ್ಲ ಇವರಿಗೆ."

"ಇನ್ನೂ ಶುರು ಆಗ್ಲಿಲ್ಲ ಮಾರಾಯ್ರೆ," ಎಂದರು. "ಈಗ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದಾರೆ. ಗಾಡಿಯ ಬಾಗಿಲು ಎಲ್ಲಿ ಬರ್ತದೆ ಅಂತ ಜಾಗ ಹಿಡಿತಾ ಇದ್ದಾರೆ."

ಚೀಲವನ್ನು ತೆರೆದು ಚಪಾತಿ ಹಂಚಿದೆ. ಅಷ್ಟರಲ್ಲಿ ಎಲ್ಲೋ ಒಂದು ಸೀಟಿ ಕೂಗಿತು. ನಾನು ತಲೆ ಎತ್ತಿದಾಗ ಕಂಡದ್ದನ್ನು ನನ್ನ ಮೂವತ್ತೊಂದು ವರ್ಷದ ಯಾವ ಫೈಲೂ ಹೇಳಿರಲಿಲ್ಲ. ದೋಣಿಗಳು ನೀರು ಬಿಟ್ಟು ಎದ್ದವು. ಒಡಲು ಗಾಳಿಯಲ್ಲಿತ್ತು. ಕೆಳಗೆ ಕತ್ತಿಯಂಥ ಎರಡು ಅಲಗುಗಳು ಮಾತ್ರ ನೀರಿನಲ್ಲಿದ್ದವು. ಕುಕ್ಕರಿನ ಸೀಟಿಗೆ ಮೊದಲು ಬರುವ ಆ ಸಣ್ಣ ಕೊರೆಯುವ ಸದ್ದು ಇಡೀ ಬಂದರಿನಿಂದ ಬಂತು. ಗ್ಯಾಲರಿಯ ಬಾವುಟಗಳು ಆಗೊಮ್ಮೆ ಈಗೊಮ್ಮೆ ಕದಲುತ್ತಿದ್ದವು, ಅಷ್ಟೇ ಗಾಳಿ. ದೋಣಿಗಳು ಮಾತ್ರ ಫಾಸ್ಟ್ ಲೋಕಲ್ಲು ಸಣ್ಣ ಸ್ಟೇಷನ್ನನ್ನು ದಾಟುವಂತೆ ನಮ್ಮೆದುರು ದಾಟಿದವು. ಗಾಳಿ ಬೀಸುತ್ತಿದ್ದದ್ದು ಅವುಗಳ ಬದಿಯಿಂದ.

ನನ್ನ ಕೈಯಲ್ಲಿ ಚಪಾತಿ ಇತ್ತು. ಬಾಯಲ್ಲಿ ಮಾತಿರಲಿಲ್ಲ. ಇದನ್ನು ನನ್ನ ಹೆಂಡತಿ ನಂಬಲಿಲ್ಲ.

ಮುಂದಿನ ಸುತ್ತು ಗಾಳಿಗೆ ಎದುರಾಗಿ. ಐದು ದೋಣಿಗಳು ಬಲಕ್ಕೆ ಓರೆಯಾಗಿ ಹೊರಟವು. ಕೆಂಪು ಮೂತಿಯ ಒಂದು ಮಾತ್ರ ಎಡಕ್ಕೆ ಹೊರಳಿ, ಗುರಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ದೂರದ ದಡದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳ ಕಡೆಗೆ ಹೋಯಿತು.

"ಹೋತು. ಅದು ಕೆಟ್ಟಿತು," ಎಂದೆ. ತಜ್ಞತೆ ಅಷ್ಟು ಬೇಗ ಸಾಯುವುದಿಲ್ಲ.

ಅವರು ಎದ್ದು ನಿಂತಿದ್ದರು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಯನ್ನು ಓರೆಯಾಗಿಸಿ, "ಇಲ್ಲ ಇಲ್ಲ. ಅಲ್ಲಿ ನೀರು ಕಪ್ಪಾಗಿದೆ ನೋಡಿ, ಅಲ್ಲಿ ಗಾಳಿ ಉಂಟು," ಎಂದರು. "ಅವನು ಕಲ್ಯಾಣಕ್ಕೆ ಹೋಗಿ ಸೀಟು ಹಿಡಿದುಕೊಂಡು ಬರ್ತಾನೆ, ನೋಡ್ತಾ ಇರಿ."

ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ನೀರಿನವರ ಜೊತೆ ಮಾತಾಡಿದರು. "ಬಿಡು... ಇನ್ನೂ ಬಿಡು... ಹಾಂ, ಈಗ ತಿರುಗಿಸು!" ಅವರು ತಿರುಗಿಸು ಎಂದ ಮರುಕ್ಷಣ ಕೆಂಪು ಮೂತಿ ತಿರುಗಿತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ನಾನು ಅದನ್ನು ತಿರುಗಿಸಿ ತೆಗೆಯುವಷ್ಟರಲ್ಲಿ ಕೆಂಪು ಮೂತಿ ಎಲ್ಲರಿಗಿಂತ ಮುಂದೆ ಬಂದು, ಗುರಿ ದಾಟಿ, ನೀರಿಗಿಳಿದು ಸಾಮಾನ್ಯ ದೋಣಿಯಂತೆ ನಿಂತಿತು. ಪಂದ್ಯ ಮುಗಿದಿತ್ತು. ಮೊಸರನ್ನದ ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ.

ಜನ ಹೊರಟರು. ನಾವು ಕೂತೆವು. ಚಾಪೆ ತಂದಾಗಿತ್ತಲ್ಲ.

"ಇಷ್ಟು ವೇಗ ಅಂತ ನಾನೂ ಹೇಳಿರ್ಲಿಲ್ಲ," ಎಂದರು ಅವರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ಮತ್ತೆ, "ಆ ಹಾಯಿಗೆ ಹೊಲಿಗೆ ಇಲ್ಲ. ನೋಡಿದ್ರಾ? ಬಟ್ಟೆಯೇ ಅಲ್ಲ ಅದು, ಗಟ್ಟಿ ಹಲಗೆಯ ಹಾಗೆ ಉಂಟು. ಹರಿದರೆ ಸೂಜಿ ಹಾಕ್ಲಿಕ್ಕೆ ಜಾಗ ಇಲ್ಲ," ಎಂದರು. ಅವರ ಎರಡು ಬೆರಳುಗಳು ಏನನ್ನೂ ಹಿಡಿಯದೆ ಉಜ್ಜುತ್ತಿದ್ದವು.

ನಾನು ಗಂಟಲು ಸರಿಪಡಿಸಿಕೊಂಡೆ. "ಸದರಿ ವಿಷಯದಲ್ಲಿ ನನ್ನ ಹಿಂದಿನ ಅಭಿಪ್ರಾಯವನ್ನ ಮರುಪರಿಶೀಲನೆ ಮಾಡಲಿಕ್ಕೆ ಅವಕಾಶ ಅದ ಅಂತ ಕಾಣಸ್ತದ," ಎಂದೆ.

"ಅಂದ್ರೆ?"

"ಅಂದ್ರ... ಅವತ್ತು ತಪ್ಪಾಗಿತ್ತು."

"ಯಾರದ್ದು?"

ಚಪಾತಿಯ ಚೂರನ್ನು ಚಟ್ನಿಗೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. "ನಂದು," ಎಂದೆ.

"ಹಾಗಾದ್ರೆ ನನಗೆ ಯಾಕೆ ಹೇಳ್ತೀರಿ? ನನಗೆ ಗೊತ್ತಿತ್ತಲ್ಲ," ಎಂದರು. "ನೀವು ಡಬ್ಬಿಯಲ್ಲಿ ಅಲ್ವಾ ಅಂದದ್ದು? ಡಬ್ಬಿಯಲ್ಲೇ ಹೇಳಿ. ದಸರಾಕ್ಕೆ ಎಲ್ಲರೂ ಬರ್ತಾರೆ." ಆಗ ನಕ್ಕರು. ಅಂಥ ನಗುವನ್ನು ನಾನು ಅವರಲ್ಲಿ ನೋಡಿರಲಿಲ್ಲ. ಕ್ಷಮಿಸಿದರು ಎಂದುಕೊಂಡೆ.

ನಮ್ಮ ಲೋಕಲ್ಲಿನಲ್ಲಿ ದಸರೆಗೆ ಡಬ್ಬಿಗೆ ಪೂಜೆ ಮಾಡುತ್ತಾರೆ. ಮಾವಿನ ತೋರಣ, ಚೆಂಡುಹೂವಿನ ಮಾಲೆ, ಕಿಟಕಿಗೊಂದು ಬಲೂನು. ನಿವೃತ್ತರಾದವರೂ ಆ ಒಂದು ದಿನ ಬಂದು ಹಳೆಯ ಜಾಗದಲ್ಲಿ ಕೂರುವುದುಂಟು. ಹೇಳಿಬಿಡೋಣ, ಅವರೆದುರಿಗೇ ಹೇಳೋಣ ಎಂದುಕೊಂಡು ತಿಂಗಳುಗಳನ್ನು ಎಣಿಸಿದೆ. ಅಷ್ಟರಲ್ಲಿ ಆಷಾಢ ಬಂತು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಮಳೆ ಜೋರಾಗಿತ್ತು. ಅವರ ಬಿಲ್ಡಿಂಗಿನ ಎದುರು ಯಾರೋ ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಜನರ ನಡುವೆ ನಿಂತು ನಾನು ಅದರ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ನನ್ನ ಗಮನಕ್ಕೆ ಬಂತು. ಒಂದು ಮಳೆಗೂ ಸಾಲದ ಹಾಳೆ.

ಕೇಳಬೇಕಾದವರು ಹೋದರೂ ಹೇಳಬೇಕಾದ ಜಾಗ ಉಳಿದಿತ್ತು. ದಸರೆಯ ದಿನ ಬೆಳಿಗ್ಗೆ ಎರಡು ಪುಟದ ಭಾಷಣ ಬರೆದುಕೊಂಡು, ಕಲ್ಯಾಣದ ಕಡೆಯ ಗಾಡಿ ಹತ್ತಿದೆ. ಹಳಬರಲ್ಲಿ ಆರು ಮಂದಿ ಬಂದಿದ್ದರು. ಉಳಿದವರೆಲ್ಲ ಹೊಸಬರು, ಕಿವಿಗೆ ಹಾಡಿನ ಬತ್ತಿ ಇಟ್ಟುಕೊಂಡವರು. ಕಲ್ಯಾಣದಲ್ಲಿ ಆರತಿ ಆಯಿತು. ಗೌಡರು ಸೀತಾಫಲ, ಬಾಳೆಹಣ್ಣಿನ ಪ್ರಸಾದ ಹಂಚುತ್ತಿದ್ದರು. ನಾನು ಎದ್ದು ಕಂಬಿ ಹಿಡಿದುಕೊಂಡೆ.

"ಮಹನೀಯರೇ," ಎಂದೆ. "ಬಹಳ ವರ್ಷದ ಹಿಂದ ಇದೇ ಡಬ್ಬಿಯೊಳಗ ನಾನು ಒಂದು ತೀರ್ಪು ಕೊಟ್ಟಿದ್ದೆ. ಕ್ಯಾಪ್ಟನ್ನರು ಹೇಳಿದ್ದು ಸುಳ್ಳು ಅಂತ ಸಿದ್ಧ ಮಾಡಿದ್ದೆ. ಅವರು ಹೇಳಿದ್ದು ಖರೇ ಇತ್ತು. ಬದಿಯ ಗಾಳಿ..."

"ಸಾಹೇಬ್ರ, ಕೂಡ್ರಿ," ಎಂದರು ಗೌಡರು. "ಅದು ನಮಗೆಲ್ಲಾ ಗೊತ್ತೈತಿ."

"ಯಾವಾಗಿಂದ?"

"ಅವತ್ತಿನ ಮರುದಿನಾನ. ನೀವು ಜ್ವರ ಬಂದು ಮಲಗಿದ್ರಿ ನೋಡ್ರಿ, ಆಗ." ಗೌಡರು ಒಂದು ಸೀತಾಫಲ ಒಡೆದು ಬೀಜ ತೆಗೆದರು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರು. ಕಪ್ಪು ಬೀಜ ಚಿಮ್ಮಿ, ನನ್ನ ಭಾಷಣದ ಮೊದಲ ಪುಟಕ್ಕೆ ಬಡಿಯಿತು. "ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ನೀರು. ನಡುವ ಸಿಕ್ಕಿದ್ದು ಎಲ್ಲಿ ಹೋಗಬೇಕು? ಮುಂದನ. ಕ್ಯಾಪ್ಟನ್ನರು ಹಿಂಗ ತೋರಿಸಿಕೊಟ್ರು. ಆಮೇಲೆ ಮಸ್ಜಿದ್ ತನಕಾ ನಾವೆಲ್ಲಾ ಬೀಜ ಹಾರಿಸಿದ್ದ ಹಾರಿಸಿದ್ದು."

ನಾನು ಬೀಜವನ್ನು ನೋಡಿದೆ. ಸ್ವಚ್ಛತೆಯ ಬಗ್ಗೆ ಅಂದು ಹೇಳಿದ ನಾಲ್ಕೂ ಮಾತುಗಳು ನೆನಪಾದವು. ಆ ವಾರದ ನಗುವೂ.

"ಮತ್ತ ನನಗ್ಯಾಕ ಯಾರೂ ಹೇಳಲಿಲ್ಲ?"

"ಅವರೇ ಬ್ಯಾಡ ಅಂದ್ರು." ಗೌಡರು ಕರಾವಳಿಯ ರಾಗ ಎಳೆದರು: "'ಅವರಿಗೆ ಹೇಳ್ಬೇಡಿ ಗೌಡ್ರೆ. ಪಾಪ, ನಾಳೆ ಬೆಳಿಗ್ಗೆ ಅವರಿಗೆ ಅದೇ ಮರೀನ್ ಆಫೀಸಿಗೆ ಹೋಗ್ಲಿಕ್ಕುಂಟು.'"

ಡಬ್ಬಿಯಲ್ಲಿ ಯಾರೂ ನಗಲಿಲ್ಲ. ಮೊದಲು ನಕ್ಕವನು ನಾನೇ ಇರಬೇಕು. ಕಣ್ಣು ಒರೆಸಿಕೊಳ್ಳಲು ಕರ್ಚೀಫು ಹುಡುಕಿದರೆ ಸಿಗಲಿಲ್ಲ. ನಾಲ್ಕನೆಯ ಸೀಟಿನ ಮೇಲೆ ಜಾಗ ಹಿಡಿಯಲು ಹಾಸಿದ್ದ ತಮ್ಮ ಕರ್ಚೀಫನ್ನು ಗೌಡರು ಎತ್ತಿ ಕೊಟ್ಟರು.

"ಕೂಡ್ರಿ. ಇವತ್ತು ನಿಮಗ ಹಿಡಿದಿಟ್ಟಿವಿ."

ಕೂತೆ. ಅಲ್ಲಿ ನೇರವಾಗಿ ಕೂರಲು ಸಾಧ್ಯವಿಲ್ಲ, ಓರೆಯಾಗಿ ಬಾಗಿಲಿನ ಕಡೆ ತಿರುಗಲೇಬೇಕು ಎಂಬುದು ನನಗೆ ಇಷ್ಟು ವರ್ಷದ ಮೇಲೆ ತಿಳಿಯಿತು. ಗಾಡಿ ಮುಂಬೈಯ ಕಡೆಗೆ ಹೊರಟಿತು. ಗಾಳಿ ಬಂದು ಕೆನ್ನೆಯ ಬದಿಗೆ ಬಡಿಯಿತು. ಭಾಷಣವನ್ನು ಮಡಚಿ ಜೇಬಿಗಿಟ್ಟು, ಬೀಜವನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದೆ. ಅದು ಜಾರಿ ನನ್ನ ಕಾಲ ಮೇಲೆಯೇ ಬಿತ್ತು.

"ಅಷ್ಟು ಜೋರು ಬ್ಯಾಡ್ರಿ," ಎಂದು ಗೌಡರು ಇನ್ನೊಂದು ಬೀಜ ಕೊಟ್ಟರು. "ಎರಡೂ ಕಡೆಯಿಂದ ಸಮ. ಅದರ ಪಾಡಿಗೆ ಅದು ಹೋಗ್ತೈತಿ."

ಈ ಸಲ ಹೋಯಿತು. ಎದುರು ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಯುವಕನೊಬ್ಬನ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು. ಅವನು ಬೆಚ್ಚಿ ಕಿವಿಯ ಬತ್ತಿ ತೆಗೆದ.

"ಕ್ಯಾ ಹುಆ ಅಂಕಲ್?"

"ಸಾರಿ. ಮೇರಾ ಗಲತೀ," ಎಂದೆ. ತಪ್ಪು ನನ್ನದೆನ್ನಲು ಎರಡು ಪುಟ ಬೇಕಾಗಲಿಲ್ಲ.